ರಕ್ತದ ರಿಜಿಸ್ಟರಿನಲ್ಲಿ ನಮ್ಮ ಹೆಸರೆಲ್ಲಿ?

ಇದು ವಿಜ್ಞಾನ ವಿಭಾಗದವರು ಬರೆಯಬೇಕಾದ ವಿಷಯ, ಕಾಮರ್ಸ್‌ನವರಿಗೆ ಇದರ ಗೊಡವೆ ಯಾಕೆ ಎಂದು ಕೆಲವರು ಕೇಳಬಹುದು. ಅವರಿಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಇದು ರಕ್ತದ ವಿಷಯ ನಿಜ, ಆದರೆ ಅಷ್ಟೇ ಲೆಕ್ಕದ ವಿಷಯ ಕೂಡ. ಯಾರ ಹೆಸರು ಪುಸ್ತಕದಲ್ಲಿದೆ, ಯಾರದು ಇಲ್ಲ, ಇಲ್ಲದವರಿಗೆ ಏನು ನಷ್ಟ ಎಂಬ ಲೆಕ್ಕ. ನಾನು ಹೇಳಬೇಕಾದದ್ದು ಇಷ್ಟು: ‘ಆಫ್ರಿಕಾದವರು’, ‘ಸಿದ್ದಿ’, ‘ಮುಸ್ಲಿಂ’, ‘ಹಾವೇರಿ ಕಡೆಯವರು’ ಎಂಬ ಯಾವ ಹೆಸರೂ ಒಬ್ಬ ಮನುಷ್ಯನ ದೇಹ ರೋಗದ ಜೊತೆ ಹೇಗೆ ಹೋರಾಡುತ್ತದೆ ಎಂಬುದನ್ನು ಹೇಳುವುದಿಲ್ಲ. ಅದನ್ನು ಪರೀಕ್ಷೆ ಮಾಡಿಯೇ ತಿಳಿಯಬೇಕು. ಹಾಗೆ ಪರೀಕ್ಷೆ ಆದವರ ಪಟ್ಟಿಯಲ್ಲಿ ನಮ್ಮಂಥವರು ಬಹಳ ಕಡಿಮೆ. ಹದಿನೆಂಟು ತುಂಬಿದ ಕೂಡಲೇ ನಾವು ಆ ಪಟ್ಟಿಗೆ ಸೇರಬೇಕು.

ಬ್ಯಾಡಗಿ ಪೇಟೆಗೆ ಸುಗ್ಗಿಯಲ್ಲಿ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬ್ಯಾಡಗಿ ಮೆಣಸಿನಕಾಯಿ ಎಂಬ ಹೆಸರಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ದೂರದ ದೇಶಗಳಿಗೂ ಗೊತ್ತಿರುವ ಹೆಸರು ಅದು. ಆದರೂ ದಲಾಲಿ ಅಂಗಡಿಗೆ ಬಂದ ಖರೀದಿದಾರ ಬರೀ ಹೆಸರು ಕೇಳಿ ಟೆಂಡರ್ ಹಾಕುವುದಿಲ್ಲ. ಒಂದೊಂದು ಲಾಟಿನ ಮುಂದೆ ನಿಂತು ಕಾಯಿ ಕೈಗೆತ್ತಿಕೊಳ್ಳುತ್ತಾನೆ, ಮುರಿದು ನೋಡುತ್ತಾನೆ. ಡಬ್ಬಿಯೋ ಕಡ್ಡಿಯೋ, ತೇವ ಎಷ್ಟಿದೆ, ಬಣ್ಣ ಹೇಗಿದೆ ಎಂದು ಪರೀಕ್ಷಿಸುತ್ತಾನೆ. ಮೆಣಸಿನಕಾಯಿಯಿಂದ ಬಣ್ಣ ತೆಗೆಯುವ ಕಾರ್ಖಾನೆಯವರು ಪ್ರಯೋಗಾಲಯದಲ್ಲೇ ಅಳೆದು ನೋಡುತ್ತಾರೆ. ಪಕ್ಕಪಕ್ಕದ ಎರಡು ಲಾಟುಗಳ ದರ ಒಂದೇ ಇರುವುದಿಲ್ಲ. ಚೀಲದ ಹೆಸರು ಒಂದೇ, ಒಳಗಿನ ಸರಕು ಬೇರೆ ಬೇರೆ.

‘ಆಫ್ರಿಕಾ’ ಎಂಬುದು ಇಂಥದೇ ಒಂದು ಚೀಲದ ಹೆಸರು. ಅಲ್ಲಿ 54 ದೇಶಗಳಿವೆ, 140 ಕೋಟಿಗೂ ಹೆಚ್ಚು ಜನರಿದ್ದಾರೆ, ಸುಮಾರು ಎರಡು ಸಾವಿರ ಭಾಷೆಗಳಿವೆ. ನಾವು ಮಾತ್ರ ಅವರೆಲ್ಲರನ್ನೂ ಕಪ್ಪು ಬಣ್ಣದ ಒಂದೇ ಜನ ಎಂದು ತಿಳಿದುಕೊಂಡಿದ್ದೇವೆ. ವಿಜ್ಞಾನ ಹೇಳುವುದು ಇದಕ್ಕೆ ಪೂರ್ತಿ ವಿರುದ್ಧ. ವಂಶವಾಹಿಗಳಲ್ಲಿ, ಅಂದರೆ ಜೀನ್‌ಗಳಲ್ಲಿ, ಅತಿ ಹೆಚ್ಚು ವೈವಿಧ್ಯ ಇರುವುದು ಆಫ್ರಿಕಾದ ಜನರಲ್ಲೇ. ಆಫ್ರಿಕಾದ ಎರಡು ಬುಡಕಟ್ಟುಗಳ ನಡುವಿನ ವ್ಯತ್ಯಾಸ ಕೆಲವು ಸಲ ಯುರೋಪಿನವರಿಗೂ ಚೀನಾದವರಿಗೂ ಇರುವ ವ್ಯತ್ಯಾಸಕ್ಕಿಂತ ಹೆಚ್ಚು.

ಕಾರಣ ಸರಳ. ನಮ್ಮಂಥ ಮನುಷ್ಯರ ಅತ್ಯಂತ ಹಳೆಯ ಪಳೆಯುಳಿಕೆಗಳು ಸಿಕ್ಕಿರುವುದು ಆಫ್ರಿಕಾದಲ್ಲಿ. ಮೊರಾಕ್ಕೋದ ಜೆಬೆಲ್ ಇರ್ಹೂದ್ ಎಂಬಲ್ಲಿ ಸಿಕ್ಕವು ಸುಮಾರು 3 ಲಕ್ಷ ವರ್ಷ ಹಳೆಯವು ಎಂದು 2017ರಲ್ಲಿ ಪ್ರಕಟವಾಯಿತು. ಅಲ್ಲಿಂದ ಹೊರಬಂದು ಉಳಿದ ಜಗತ್ತನ್ನೆಲ್ಲ ತುಂಬಿದ ಗುಂಪು ಹೊರಟದ್ದು ಸುಮಾರು 60ರಿಂದ 70 ಸಾವಿರ ವರ್ಷಗಳ ಹಿಂದೆ, ಅದೂ ಸಣ್ಣ ಗುಂಪು. ಬ್ಯಾಡಗಿ ಪೇಟೆಯ ಸಾವಿರಾರು ಲಾಟುಗಳಲ್ಲಿ ನಾಲ್ಕೇ ಚೀಲ ಕೊಂಡು ಟಂಟಂ ಗಾಡಿಯಲ್ಲಿ ಹಾಕಿಕೊಂಡು ಹೋದ ಸಣ್ಣ ವ್ಯಾಪಾರಿಯನ್ನು ನೆನೆಯಿರಿ. ಅವನ ಅಂಗಡಿಯಲ್ಲಿರುವುದೆಲ್ಲ ಬ್ಯಾಡಗಿಯ ಸರಕೇ, ಆದರೆ ಬ್ಯಾಡಗಿಯಲ್ಲಿರುವ ಎಲ್ಲ ಬಗೆ ಅವನಲ್ಲಿಲ್ಲ. ಯುರೋಪಿನವರು, ಚೀನಾದವರು, ನಾವು ಎಲ್ಲರೂ ಆ ನಾಲ್ಕು ಚೀಲದವರು. ದೊಡ್ಡ ಪೇಟೆ ಹಿಂದೆಯೇ ಉಳಿಯಿತು.

ಈಗ ರೋಗನಿರೋಧಕ ಶಕ್ತಿಯ ಮಾತಿಗೆ ಬರೋಣ. ನಮ್ಮ ದೇಹದ ಬಹುತೇಕ ಪ್ರತಿ ಜೀವಕೋಶವೂ ತನ್ನೊಳಗೆ ಏನಿದೆ ಎಂಬುದರ ಚೂರುಗಳನ್ನು ಹೊರಗೆ ಇಟ್ಟು ತೋರಿಸುತ್ತದೆ. ಅಂಗಡಿಯವನು ಚೀಲದ ಸರಕನ್ನು ಸ್ವಲ್ಪ ತಟ್ಟೆಯಲ್ಲಿ ಹಾಕಿ ಬಾಗಿಲಲ್ಲಿ ಇಟ್ಟಂತೆ. ಕಾವಲು ಕಾಯುವ ಬಿಳಿ ರಕ್ತಕಣಗಳು ಅದನ್ನು ನೋಡುತ್ತ ಹೋಗುತ್ತವೆ. ತಟ್ಟೆಯಲ್ಲಿ ದೇಹದ್ದೇ ಚೂರು ಇದ್ದರೆ ಸುಮ್ಮನೆ ಮುಂದೆ ಹೋಗುತ್ತವೆ, ವೈರಸ್ಸಿನ ಚೂರು ಕಂಡರೆ ಆ ಕೋಶವನ್ನೇ ಕೊಲ್ಲುತ್ತವೆ. ಈ ತಟ್ಟೆಗಳನ್ನು ಮಾಡುವ ಜೀನ್‌ಗಳಿಗೆ ಎಚ್‌ಎಲ್‌ಎ ಎಂದು ಹೆಸರು. ಅವು ನಮ್ಮ ಆರನೇ ವರ್ಣತಂತುವಿನ ಮೇಲಿವೆ. ಪ್ರತಿಯೊಂದರಲ್ಲೂ ಎರಡು ಪ್ರತಿ: ಒಂದು ಅಮ್ಮನಿಂದ, ಒಂದು ಅಪ್ಪನಿಂದ. ಎಲ್ಲರ ತಟ್ಟೆಯ ಆಕಾರ ಒಂದೇ ಇರುವುದಿಲ್ಲ. ಒಂದು ಆಕಾರದ ತಟ್ಟೆಯಲ್ಲಿ ನಿಲ್ಲುವ ಚೂರು ಇನ್ನೊಂದರಲ್ಲಿ ನಿಲ್ಲುವುದಿಲ್ಲ. ಜಗತ್ತಿನಲ್ಲಿ ಇದುವರೆಗೆ ಗುರುತಿಸಿರುವ ಎಚ್‌ಎಲ್‌ಎ ಬಗೆಗಳು 40,000ಕ್ಕೂ ಹೆಚ್ಚು. ಮನುಷ್ಯನ ಜೀನ್‌ಗಳಲ್ಲಿ ಇಷ್ಟು ಬಗೆ ಇರುವವು ಬೇರೆ ಇಲ್ಲ.

ಇಷ್ಟೊಂದು ಬಗೆ ಯಾಕೆ ಬೇಕು? ರಾಣೆಬೆನ್ನೂರಿನ ಬೀಜದ ಅಂಗಡಿಯವರನ್ನು ಕೇಳಿ. ಇಡೀ ಸೀಮೆಯಲ್ಲಿ ಒಂದೇ ತಳಿ ಹಾಕಿದರೆ, ಆ ತಳಿಗೆ ಹತ್ತುವ ಒಂದು ರೋಗ ಬಂದರೆ ಸಾಕು, ಎಲ್ಲರ ಹೊಲವೂ ಒಮ್ಮೆಗೇ ಹೋಗುತ್ತದೆ. ನಾಲ್ಕು ತಳಿ ಇದ್ದರೆ ಯಾವುದೋ ಒಂದು ಉಳಿಯುತ್ತದೆ. ಮನುಷ್ಯರ ಗುಂಪಿಗೂ ಅದೇ ನಿಯಮ. ಆಫ್ರಿಕಾದ ಜನ ಸಾವಿರಾರು ವರ್ಷ ಮಲೇರಿಯಾ, ನಿದ್ರಾರೋಗ, ಹಲವು ಬಗೆಯ ಜ್ವರಗಳ ನಡುವೆ ಬಾಳಿದವರು. ಒಂದೊಂದು ಪ್ರದೇಶದ ರೋಗ ಒಂದೊಂದು ಬಗೆಯ ಜೀನ್‌ಗಳನ್ನು ಉಳಿಸಿದೆ.

ಇದಕ್ಕೆ ಒಳ್ಳೆಯ ಉದಾಹರಣೆ ಪಶ್ಚಿಮ ಆಫ್ರಿಕಾದ ಪುಟ್ಟ ದೇಶ ಗ್ಯಾಂಬಿಯಾ. ಅಲ್ಲಿನ ಮಕ್ಕಳ ಮೇಲೆ ನಡೆದ ಅಧ್ಯಯನವೊಂದು 1991ರಲ್ಲಿ ಪ್ರಕಟವಾಯಿತು. ಎಚ್‌ಎಲ್‌ಎ-ಬಿ53 ಎಂಬ ಬಗೆ ಇರುವ ಮಕ್ಕಳಿಗೆ ಪ್ರಾಣ ತೆಗೆಯುವಂಥ ತೀವ್ರ ಮಲೇರಿಯಾ ಬರುವುದು ಕಡಿಮೆ ಎಂದು ಅದು ತೋರಿಸಿತು. ಆ ಬಗೆ ಪಶ್ಚಿಮ ಆಫ್ರಿಕಾದಲ್ಲಿ ಬಹಳ ಜನರಲ್ಲಿದೆ, ಜಗತ್ತಿನ ಬೇರೆ ಕಡೆ ಅಪರೂಪ. ಅದೇ ರೀತಿ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಬಹುತೇಕ ಜನರ ಕೆಂಪು ರಕ್ತಕಣದ ಮೇಲೆ ‘ಡಫಿ’ ಎಂಬ ಪ್ರೋಟೀನ್ ಇಲ್ಲ. ನಮ್ಮ ಕಡೆ ಸಾಮಾನ್ಯವಾಗಿ ಬರುವ ವೈವ್ಯಾಕ್ಸ್ ಮಲೇರಿಯಾದ ಪರಾವಲಂಬಿ ರಕ್ತಕಣದೊಳಗೆ ಹೋಗಲು ಬಳಸುವ ಬಾಗಿಲು ಅದೇ. ಬಾಗಿಲೇ ಇಲ್ಲದ ಮೇಲೆ ಕಳ್ಳ ಒಳಗೆ ಬರುವುದು ಬಹಳ ಕಷ್ಟ.

ಆದರೆ ಜಮಾ ಇದ್ದಲ್ಲಿ ಖರ್ಚೂ ಇರುತ್ತದೆ. ಎಪಿಒಎಲ್1 ಎಂಬ ಜೀನ್ ರಕ್ತದಲ್ಲಿ ಒಂದು ಪ್ರೋಟೀನ್ ಮಾಡುತ್ತದೆ. ಅದು ತ್ಸೆತ್ಸೆ ನೊಣ ಹರಡುವ ನಿದ್ರಾರೋಗದ ಜೀವಿಗಳನ್ನು ಕೊಲ್ಲುತ್ತದೆ. ಈ ಜೀನಿನ ಎರಡು ಬದಲಾದ ರೂಪಗಳು ಆ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡುತ್ತವೆ. ಆದರೆ ತಾಯಿ ತಂದೆ ಇಬ್ಬರಿಂದಲೂ ಬದಲಾದ ರೂಪವೇ ಬಂದವರಿಗೆ ಮೂತ್ರಪಿಂಡ ಕೆಡುವ ಅಪಾಯ ಹೆಚ್ಚು ಎಂದು 2010ರಲ್ಲಿ ತಿಳಿದುಬಂತು. ಅಮೆರಿಕದ ಕಪ್ಪು ಜನರಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುವವರು ಯಾಕೆ ಅಷ್ಟು ಹೆಚ್ಚು ಎಂಬ ಪ್ರಶ್ನೆಗೆ ಅಲ್ಲಿ ಒಂದು ಉತ್ತರ ಸಿಕ್ಕಿತು. ಈ ರೂಪಗಳು ನೈಜೀರಿಯಾದ ಯೊರುಬಾ ಜನರಲ್ಲಿ ಬಹಳ ಸಾಮಾನ್ಯ. ಇಥಿಯೋಪಿಯಾದವರಲ್ಲಿ ಇಲ್ಲವೆಂದೇ ಹೇಳಬೇಕು. ಇಬ್ಬರೂ ‘ಆಫ್ರಿಕಾದವರು’!

ಔಷಧದ ವಿಷಯದಲ್ಲಂತೂ ಹೆಸರು ನಂಬಿ ಕೂತರೆ ಪ್ರಾಣಕ್ಕೇ ಅಪಾಯ. ಎಚ್‌ಐವಿ ರೋಗಿಗಳಿಗೆ ಕೊಡುವ ಅಬಕಾವಿರ್ ಎಂಬ ಔಷಧ ಕೆಲವರಿಗೆ ಒಗ್ಗುವುದಿಲ್ಲ. ಜ್ವರ, ಮೈಮೇಲೆ ದದ್ದು, ಉಸಿರಾಟದ ತೊಂದರೆ ಬಂದು ಪ್ರಾಣ ಹೋಗುವ ಅಪಾಯವೂ ಇದೆ. ಎಚ್‌ಎಲ್‌ಎ-ಬಿ 57:01 ಎಂಬ ಬಗೆ ಇರುವವರಿಗೆ ಹೀಗಾಗುವ ಅಪಾಯ ಹೆಚ್ಚು. ಮೊದಲೇ ಪರೀಕ್ಷೆ ಮಾಡಿದರೆ ಈ ಅಪಾಯ ತಪ್ಪುತ್ತದೆ ಎಂದು 2008ರಲ್ಲಿ ದೊಡ್ಡ ಅಧ್ಯಯನವೊಂದು ತೋರಿಸಿತು. ಈಗ ಇದರ ಲೆಕ್ಕ ನೋಡಿ. ನೈಜೀರಿಯಾದ ಯೊರುಬಾ ಜನರ ಮಾದರಿಗಳಲ್ಲಿ ಈ ಬಗೆ ಒಂದೂ ಸಿಗಲಿಲ್ಲ. ಕೀನ್ಯಾದ ಮಸಾಯಿ ಜನರಲ್ಲಿ ಅದರ ಪ್ರಮಾಣ ಶೇ 13ಕ್ಕೂ ಹೆಚ್ಚು. ಅದೇ ಕೀನ್ಯಾದ ಲುಹ್ಯಾ ಜನರಲ್ಲಿ ಶೇ 3ರ ಆಸುಪಾಸು. ಯೊರುಬಾ ಜನರನ್ನು ನೋಡಿ ‘ಆಫ್ರಿಕಾದವರಿಗೆ ಈ ಔಷಧ ಸುರಕ್ಷಿತ’ ಎಂದು ಬರೆದರೆ ಮಸಾಯಿ ರೋಗಿಯ ಗತಿ ಏನು? ಮಸಾಯಿ ಜನರನ್ನು ನೋಡಿ ‘ಅಪಾಯ’ ಎಂದು ಬರೆದರೆ, ಒಳ್ಳೆಯ ಔಷಧವೊಂದು ಯೊರುಬಾ ರೋಗಿಯ ಕೈತಪ್ಪುತ್ತದೆ.

ಇಷ್ಟು ಮುಖ್ಯವಾದ ಪೇಟೆಯ ಲೆಕ್ಕವನ್ನು ಜಗತ್ತು ಎಷ್ಟು ಬರೆದುಕೊಂಡಿದೆ? ರೋಗಕ್ಕೂ ಜೀನ್‌ಗಳಿಗೂ ಇರುವ ಸಂಬಂಧ ಹುಡುಕುವ ಅಧ್ಯಯನಗಳಲ್ಲಿ ಭಾಗವಹಿಸಿದವರ ಪೈಕಿ ಶೇ 81ರಷ್ಟು ಜನ ಯುರೋಪ್ ಮೂಲದವರು, ಆಫ್ರಿಕಾ ಮೂಲದವರು ಶೇ 3ರಷ್ಟು ಮಾತ್ರ ಎಂದು 2016ರ ಎಣಿಕೆಯೊಂದು ಹೇಳಿತು. ಅಂದರೆ ನಾಲ್ಕು ಚೀಲದ ಅಂಗಡಿಯ ಲೆಕ್ಕ ಪೈಸೆ ಪೈಸೆಗೂ ಬರೆದಿದೆ, ದೊಡ್ಡ ಪೇಟೆಯ ವಹಿ ಖಾಲಿ ಬಿದ್ದಿದೆ. ಆಫ್ರಿಕಾದ ವಿಜ್ಞಾನಿಗಳೇ ಸೇರಿ ಈ ಕೆಲಸಕ್ಕೆ ಕೈಹಾಕಿದರು. ಎಚ್3ಆಫ್ರಿಕಾ ಎಂಬ ಅವರ ಯೋಜನೆಯ ಒಂದು ವರದಿ 2020ರಲ್ಲಿ ಬಂತು. 13 ದೇಶಗಳ 50 ಸಮುದಾಯಗಳಿಂದ ಅವರು ಪೂರ್ತಿ ಓದಿದ್ದು 426 ಜನರ ವಂಶವಾಹಿಗಳನ್ನು ಮಾತ್ರ. ಅಷ್ಟರಲ್ಲೇ ಅದುವರೆಗೆ ಯಾರೂ ದಾಖಲಿಸದ 30 ಲಕ್ಷಕ್ಕೂ ಹೆಚ್ಚು ವ್ಯತ್ಯಾಸಗಳು ಸಿಕ್ಕವು. ಪ್ರಕೃತಿ ಆರಿಸಿ ಉಳಿಸಿದ ಗುರುತು ಇರುವ 62 ಹೊಸ ಜಾಗಗಳೂ ಕಂಡವು. ಅವುಗಳಲ್ಲಿ ಬಹಳಷ್ಟು ವೈರಸ್ ವಿರುದ್ಧ ಹೋರಾಡುವ ಜೀನ್‌ಗಳು.

ಇದೆಲ್ಲ ದೂರದ ಖಂಡದ ಕತೆ ಎಂದು ಪುಟ ತಿರುಗಿಸಬೇಡಿ. ನಮ್ಮ ಜಿಲ್ಲೆಯ ಹಾನಗಲ್ ದಾಟಿದರೆ ಮುಂಡಗೋಡ ಸಿಗುತ್ತದೆ. ಅಲ್ಲಿಂದ ಯಲ್ಲಾಪುರ, ಹಳಿಯಾಳ, ಅಂಕೋಲೆಯ ಕಾಡಿನ ಊರುಗಳಲ್ಲಿ ಸಿದ್ದಿ ಜನರಿದ್ದಾರೆ. ಇವರ ಹಿರಿಯರಲ್ಲಿ ಹೆಚ್ಚಿನವರನ್ನು ಪೋರ್ಚುಗೀಸರು ಗೋವಾ ಬಂದರಿನ ಮೂಲಕ ಗುಲಾಮರಾಗಿ ತಂದರು. ಹಿಂಸೆ ತಾಳದೆ ಘಟ್ಟದ ಕಾಡಿಗೆ ಓಡಿಬಂದವರ ಮಕ್ಕಳು ಮೊಮ್ಮಕ್ಕಳು ಇವರು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿ ಅವರು ವಿಧಾನ ಪರಿಷತ್ತಿನ ಸದಸ್ಯರಾದರು. ಆ ಸಮುದಾಯದಿಂದ ಶಾಸನಸಭೆಗೆ ಹೋದ ಮೊದಲಿಗರು ಅವರೇ.

ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ವಿಜ್ಞಾನಿಗಳು ಕರ್ನಾಟಕ ಮತ್ತು ಗುಜರಾತಿನ ಸಿದ್ದಿಗಳ ವಂಶವಾಹಿಗಳನ್ನು ಪರೀಕ್ಷಿಸಿ 2011ರಲ್ಲಿ ವರದಿ ಪ್ರಕಟಿಸಿದರು. ಸಿದ್ದಿಗಳ ಮೂಲ ಸಹಾರಾ ಮರುಭೂಮಿಯ ದಕ್ಷಿಣಕ್ಕಿರುವ ಬಾಂಟು ಭಾಷೆಯ ಜನರಲ್ಲಿದೆ ಎಂದು ಅದು ಹೇಳಿತು. ಜೊತೆಗೆ ಇಲ್ಲಿನ ಅಕ್ಕಪಕ್ಕದ ಜನರ ಅಂಶವೂ ಅವರಲ್ಲಿ ಬೆರೆತಿದೆ. ಈ ಬೆರಕೆ ನಡೆದದ್ದು ಕಳೆದ ಎಂಟು ತಲೆಮಾರಿನಲ್ಲಿ, ಅಂದರೆ ಸುಮಾರು 200 ವರ್ಷಗಳಲ್ಲಿ. ಆದ್ದರಿಂದ ಒಬ್ಬ ಸಿದ್ದಿ ಹುಡುಗಿಯ ತಟ್ಟೆಗಳಲ್ಲಿ ಒಂದು ಆಫ್ರಿಕಾದ ಹಳ್ಳಿಯಿಂದ ಬಂದದ್ದಿರಬಹುದು, ಪಕ್ಕದ್ದು ಯಲ್ಲಾಪುರದ್ದೇ ಇರಬಹುದು. ಅವಳನ್ನು ನೋಡಿ ‘ಆಫ್ರಿಕಾದವಳು’ ಅನ್ನುವುದೂ ಅರೆಬರೆ ಮಾತು, ‘ಇಲ್ಲಿಯವಳು’ ಅಂದು ಸುಮ್ಮನಾಗುವುದೂ ಅರೆಬರೆ ಮಾತು. ಅವಳ ಊರು ಇದು, ಅವಳ ದೇಶ ಇದು, ಅದರಲ್ಲಿ ಎರಡು ಮಾತಿಲ್ಲ. ಆದರೆ ವೈದ್ಯರಿಗೆ ಬೇಕಾದ ಮಾಹಿತಿ ಈ ಎರಡು ಪದಗಳಲ್ಲೂ ಇಲ್ಲ.

ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಧರ್ಮ ಮೂರು, ಮೂಲ ಒಂದೇ. ನಮ್ಮ ಕಾಲೇಜಿನವರಿಗೆ ಇದರಲ್ಲಿ ಇನ್ನೂ ಒಂದು ಮಾತಿದೆ. ನಮ್ಮ ಉರ್ದು ಮನೆಗಳಲ್ಲಿ ‘ಹಬ್ಶಿ’ ಎಂಬ ಪದವನ್ನು ಬೈಗುಳದಂತೆ ಬಳಸುತ್ತಾರೆ. ಮೈಬಣ್ಣ ಕಪ್ಪಿದ್ದರೆ ಹಬ್ಶಿ, ಊಟ ಜಾಸ್ತಿ ಮಾಡಿದರೆ ಹಬ್ಶಿ. ಇಸ್ಲಾಮಿನ ಮೊದಲ ಅಜಾನ್ ಕೂಗಿದ ಹಜರತ್ ಬಿಲಾಲ್ ಅವರು ಹಬ್ಶಿ ಎಂಬುದು ಮದರಸಾದ ಸಣ್ಣ ಮಕ್ಕಳಿಗೂ ಗೊತ್ತು. ಗುಲಾಮನಾಗಿ ಮಾರಾಟವಾಗಿ, ಅಹಮದ್‌ನಗರದ ಆಡಳಿತವನ್ನೇ ಕೈಯಲ್ಲಿ ಹಿಡಿದು, ಮೊಘಲರನ್ನು ತಡೆದು ನಿಲ್ಲಿಸಿದ ಮಲಿಕ್ ಅಂಬರ್ ಹಬ್ಶಿ. ನಮ್ಮ ವಿಜಯಪುರದ ಆದಿಲ್‌ಶಾಹಿ ದರ್ಬಾರಿನಲ್ಲಿ ಮಂತ್ರಿಯಾಗಿದ್ದ ಇಖ್ಲಾಸ್ ಖಾನ್ ಹಬ್ಶಿ. ಶುಕ್ರವಾರ ಬಿಲಾಲರ ಹೆಸರನ್ನು ಗೌರವದಿಂದ ಹೇಳಿ ಶನಿವಾರ ಅದೇ ಪದದಿಂದ ತರಗತಿಯ ಗೆಳೆಯನನ್ನು ಅಣಕಿಸುವುದು ನಮಗೆ ಶೋಭೆ ತರುವುದಿಲ್ಲ.

ಈಗ ಮುಖ್ಯ ಲೆಕ್ಕಕ್ಕೆ ಬರುತ್ತೇನೆ. ರಕ್ತದ ಕ್ಯಾನ್ಸರ್, ಥಲಸ್ಸೀಮಿಯಾ ಮುಂತಾದ ರೋಗಗಳಲ್ಲಿ ಹಲವರಿಗೆ ಅಸ್ಥಿಮಜ್ಜೆಯ ಕಸಿಯೇ ದಾರಿ. ಇನ್ನೊಬ್ಬರ ಆರೋಗ್ಯವಂತ ರಕ್ತದ ಮೂಲಕೋಶಗಳನ್ನು, ಅಂದರೆ ಸ್ಟೆಮ್ ಸೆಲ್‌ಗಳನ್ನು, ರೋಗಿಗೆ ಕೊಡುತ್ತಾರೆ. ರಕ್ತ ಕೊಡುವಾಗ ಮುಖ್ಯವಾಗಿ ರಕ್ತದ ಗುಂಪು ನೋಡುತ್ತಾರೆ. ಇಲ್ಲಿ ಹಾಗಲ್ಲ, ಆ ಎಚ್‌ಎಲ್‌ಎ ತಟ್ಟೆಗಳೇ ಹೊಂದಬೇಕು. ಹೊಂದದಿದ್ದರೆ ಹೊಸದಾಗಿ ಬಂದ ಕಾವಲುಗಾರರು ರೋಗಿಯ ದೇಹವನ್ನೇ ಪರಕೀಯ ಎಂದು ತಿಳಿದು ದಾಳಿ ಮಾಡುತ್ತಾರೆ. ಒಡಹುಟ್ಟಿದ ಒಬ್ಬರದು ಪೂರ್ತಿ ಹೊಂದುವ ಸಾಧ್ಯತೆ ಶೇ 25. ತಾಯಿ ತಂದೆಯರದು ಸಾಮಾನ್ಯವಾಗಿ ಅರ್ಧ ಮಾತ್ರ ಹೊಂದುತ್ತದೆ. ಈಗ ಅರ್ಧ ಹೊಂದಿದವರಿಂದಲೂ ಕಸಿ ಮಾಡುತ್ತಾರೆ, ಆದರೂ ಪೂರ್ತಿ ಹೊಂದುವ ದಾನಿ ಸಿಗುವುದು ದೊಡ್ಡ ಅದೃಷ್ಟವೇ. ಮನೆಯಲ್ಲಿ ಸಿಗದಿದ್ದರೆ ಹೊರಗಿನವರನ್ನು ಹುಡುಕಬೇಕು. ಅದಕ್ಕಾಗಿಯೇ ದಾನಿಗಳ ರಿಜಿಸ್ಟರ್ ಇದೆ. ಜಗತ್ತಿನಾದ್ಯಂತ ಅದರಲ್ಲಿ 4 ಕೋಟಿಗೂ ಹೆಚ್ಚು ಹೆಸರುಗಳಿವೆ. ನಮ್ಮ ದೇಶದ ಜನಸಂಖ್ಯೆ 140 ಕೋಟಿ ದಾಟಿದೆ, ನೋಂದಾಯಿಸಿದ ದಾನಿಗಳು ಕೆಲವೇ ಲಕ್ಷ.

ಅಮೆರಿಕದ ರಿಜಿಸ್ಟರಿನ ಲೆಕ್ಕ 2014ರಲ್ಲಿ ಪ್ರಕಟವಾಯಿತು. ಯುರೋಪ್ ಮೂಲದ ಬಿಳಿಯ ರೋಗಿಗೆ ಪೂರ್ತಿ ಹೊಂದುವ ದಾನಿ ಸಿಗುವ ಸಾಧ್ಯತೆ ಶೇ 75. ಆಫ್ರಿಕಾ ಮೂಲದ ಅಮೆರಿಕದ ರೋಗಿಗೆ ಶೇ 19. ದೇಶ ಒಂದೇ, ರಿಜಿಸ್ಟರ್ ಒಂದೇ, ಸಿಗುವ ಅವಕಾಶ ಇಷ್ಟು ಬೇರೆ. ಇದಕ್ಕೆ ಎರಡು ಕಾರಣ. ಒಂದು, ಅವರಲ್ಲಿ ನೋಂದಾಯಿಸಿದವರು ಕಡಿಮೆ. ಎರಡು, ಅವರ ಎಚ್‌ಎಲ್‌ಎ ಬಗೆಗಳು ಹೆಚ್ಚು. ಬಳೆ ಅಂಗಡಿಯ ಲೆಕ್ಕ ಹಾಕಿ ನೋಡಿ. ಬರುವವರೆಲ್ಲರ ಅಳತೆ 2-6 ಆಗಿದ್ದರೆ ಸ್ವಲ್ಪ ಸರಕು ಸಾಕು. 2-2ರಿಂದ 2-10ರವರೆಗೆ ಎಲ್ಲ ಅಳತೆಯವರೂ ಬಂದರೆ ಅಂಗಡಿ ತುಂಬ ಸರಕು ಬೇಕು. ವೈವಿಧ್ಯ ಹೆಚ್ಚಿದ್ದವರಿಗೆ ದೊಡ್ಡ ಪಟ್ಟಿ ಬೇಕು. ಅವರಿಗೆ ಸಿಕ್ಕಿರುವುದು ಸಣ್ಣ ಪಟ್ಟಿ.

ಈಗ ಹಳಿಯಾಳದ ಒಂದು ಸಿದ್ದಿ ಮಗುವಿಗೆ ರಕ್ತದ ಕ್ಯಾನ್ಸರ್ ಬಂತು ಎಂದುಕೊಳ್ಳಿ. ಅದರ ತಟ್ಟೆಗಳು ಅರ್ಧ ಬಾಂಟು ನಾಡಿನವು, ಅರ್ಧ ಉತ್ತರ ಕನ್ನಡದವು. ಯುರೋಪಿನ ಪಟ್ಟಿಯಲ್ಲಿ ಆ ಜೋಡಿ ಸಿಗುವುದು ಕಷ್ಟ. ಅಮೆರಿಕದ ಕಪ್ಪು ಜನರ ಪಟ್ಟಿಯಲ್ಲೂ ಕಷ್ಟ. ಸಿಗುವ ಸಾಧ್ಯತೆ ಹೆಚ್ಚಿರುವುದು ಇನ್ನೊಬ್ಬ ಸಿದ್ದಿಯಲ್ಲೇ. ಅದು ಕೆಲವೇ ಸಾವಿರ ಕುಟುಂಬಗಳ ಸಮುದಾಯ, ಅವರಲ್ಲಿ ಎಷ್ಟು ಜನ ರಿಜಿಸ್ಟರಿನಲ್ಲಿರಬಹುದು, ನೀವೇ ಊಹಿಸಿ.

ನಮ್ಮ ಸ್ಥಿತಿಯೂ ಇದಕ್ಕಿಂತ ಬಹಳ ಬೇರೆ ಏನಲ್ಲ. ನಮ್ಮ ಕಡೆ ಮದುವೆಗಳು ಹೆಚ್ಚಾಗಿ ಜಾತಿ ಜಮಾತಿನೊಳಗೇ ಆಗುತ್ತವೆ. ಸೋದರಿಕೆ ಸಂಬಂಧವೂ ಸಾಮಾನ್ಯ. ಪಿಂಜಾರರು, ಪಟವೇಗಾರರು, ಲಿಂಗಾಯತರು, ಕುರುಬರು, ಲಂಬಾಣಿಗರು ಎಲ್ಲರೂ ಒಂದೇ ಸಂತೆಗೆ ಬರುತ್ತಾರೆ, ಆದರೆ ಬೀಗತನ ತಮ್ಮ ತಮ್ಮಲ್ಲೇ. ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಸಮುದಾಯಗಳನ್ನು ಪರೀಕ್ಷಿಸಿದ ಅಧ್ಯಯನವೊಂದು 2017ರಲ್ಲಿ ಬಂತು. ಅವುಗಳಲ್ಲಿ 81 ಸಮುದಾಯಗಳು ಬಹಳ ಹಿಂದೆ ಕೆಲವೇ ಹಿರಿಯರಿಂದ ಬೆಳೆದು, ತಮ್ಮೊಳಗೇ ಮದುವೆಯಾಗುತ್ತ ಉಳಿದಂಥವು ಎಂದು ತಿಳಿಯಿತು. ಹೀಗಿರುವಾಗ ಹಾವೇರಿಯ ಒಂದು ಮಗುವಿಗೆ ಹೊಂದುವ ದಾನಿ ಜರ್ಮನಿಯಲ್ಲಿ ಸಿಗುವುದಕ್ಕಿಂತ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಲ್ಲೇ ಸಿಗುವ ಸಾಧ್ಯತೆ ಹೆಚ್ಚು. ಆದರೆ ಇಲ್ಲಿಯವರ ಹೆಸರೇ ಪಟ್ಟಿಯಲ್ಲಿಲ್ಲದಿದ್ದರೆ ಕಂಪ್ಯೂಟರ್ ಯಾರನ್ನು ಹುಡುಕಬೇಕು? ಸರಕಾರದ ಜೀನೋಮ್ ಇಂಡಿಯಾ ಯೋಜನೆ ದೇಶದ 10,000 ಜನರ ವಂಶವಾಹಿಗಳನ್ನು ಓದಿ 2025ರ ಜನವರಿಯಲ್ಲಿ ಮಾಹಿತಿಯನ್ನು ಸಂಶೋಧಕರಿಗೆ ತೆರೆದಿಟ್ಟಿದೆ. ಸಂತೋಷದ ವಿಷಯ. ಆದರೆ ಅದು ಸಂಶೋಧನೆಯ ಪುಸ್ತಕ. ಪ್ರಾಣ ಉಳಿಸುವ ದಾನಿಗಳ ಪುಸ್ತಕ ಬೇರೆ, ಅದನ್ನು ನಾವೇ ತುಂಬಬೇಕು.

ಸೇರುವುದು ಕಷ್ಟವೇನಲ್ಲ. 18 ತುಂಬಿದ ಆರೋಗ್ಯವಂತರು ಸೇರಬಹುದು. 2009ರಲ್ಲಿ ಚೆನ್ನೈಯಲ್ಲಿ ಶುರುವಾದ ದಾತ್ರಿ, ಬೆಂಗಳೂರಿನ ಡಿಕೆಎಂಎಸ್ ಫೌಂಡೇಶನ್ ಇಂಡಿಯಾದಂಥ ಸಂಸ್ಥೆಗಳು ಈ ಪಟ್ಟಿಗಳನ್ನು ನಡೆಸುತ್ತವೆ. ಒಂದು ಅರ್ಜಿ ತುಂಬಿ, ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಿಂದ ಸವರಿ ಕೊಟ್ಟರೆ ಮುಗಿಯಿತು. ಮುಂದೆ ಯಾವತ್ತಾದರೂ ಯಾರಿಗಾದರೂ ಹೊಂದಿದರೆ ಕರೆ ಬರುತ್ತದೆ. ಬಾರದೆಯೂ ಇರಬಹುದು. ಕರೆ ಬಂದರೆ ಸಾಮಾನ್ಯವಾಗಿ ಐದು ದಿನ ಇಂಜೆಕ್ಷನ್ ಕೊಡುತ್ತಾರೆ. ನಂತರ ಒಂದು ತೋಳಿನಿಂದ ರಕ್ತ ತೆಗೆದು, ಯಂತ್ರದಲ್ಲಿ ಬೇಕಾದ ಕೋಶಗಳನ್ನಷ್ಟೇ ಬೇರೆ ಮಾಡಿ, ಉಳಿದ ರಕ್ತವನ್ನು ಇನ್ನೊಂದು ತೋಳಿಗೆ ವಾಪಸ್ ಕೊಡುತ್ತಾರೆ. ಕೆಲವು ಗಂಟೆಗಳ ಕೆಲಸ. ಇಂಜೆಕ್ಷನ್ನಿನಿಂದ ನಾಲ್ಕು ದಿನ ಮೈಕೈ ನೋವು, ತಲೆನೋವು ಬರಬಹುದು. ಕೊಟ್ಟ ಕೋಶಗಳನ್ನು ದೇಹ ಕೆಲವೇ ವಾರಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ದಾನಿಗೆ ಖರ್ಚಿಲ್ಲ.

ಇದಕ್ಕೆ ಬರುವ ಆಕ್ಷೇಪಗಳೂ ಇವೆ. ಮೊದಲನೆಯದು ಗಂಭೀರವಾದದ್ದು. ಜನಾಂಗಕ್ಕೂ ಜನಾಂಗಕ್ಕೂ ಜೀನ್‌ಗಳಲ್ಲಿ ವ್ಯತ್ಯಾಸ ಇದೆ ಎಂದು ಹೇಳುತ್ತ ಹೋದರೆ, ಮೇಲು ಕೀಳು ಎನ್ನುವವರಿಗೆ ಅಸ್ತ್ರ ಕೊಟ್ಟಂತಾಗುವುದಿಲ್ಲವೇ? ಹಿಂದೆ ಯುರೋಪಿನಲ್ಲಿ ಆ ಹೆಸರಿನಲ್ಲಿ ದೊಡ್ಡ ಅನ್ಯಾಯಗಳು ನಡೆದದ್ದು ನಿಜ. ಆದರೆ ಈ ಲೇಖನದ ಉದಾಹರಣೆಗಳನ್ನೇ ಮತ್ತೆ ನೋಡಿ. ಮಸಾಯಿಗೆ ಒಗ್ಗದ ಔಷಧ ಯೊರುಬಾಗೆ ಒಗ್ಗುತ್ತದೆ. ನಿದ್ರಾರೋಗ ತಡೆಯುವ ಜೀನ್ ಮೂತ್ರಪಿಂಡಕ್ಕೆ ಶತ್ರು. ಇದರಲ್ಲಿ ಯಾರು ಮೇಲು, ಯಾರು ಕೀಳು? ಮಲೇರಿಯಾ ಊರಲ್ಲಿ ಲಾಭವಾದದ್ದು ಇನ್ನೊಂದು ಊರಲ್ಲಿ ನಷ್ಟ. ಹೆಚ್ಚು ವಿವರವಾಗಿ ನೋಡಿದಷ್ಟೂ ‘ಕಪ್ಪು ಜನಾಂಗ’, ‘ಬಿಳಿ ಜನಾಂಗ’ ಎಂಬ ದೊಡ್ಡ ಚೀಲಗಳು ಹರಿದು ಹೋಗುತ್ತವೆ. ಅರ್ಧ ತಿಳಿದವರು ಹೆಸರು ನೋಡಿ ತೀರ್ಮಾನ ಕೊಡುತ್ತಾರೆ, ಪೂರ್ತಿ ತಿಳಿದವರು ಹಾಗೆ ಮಾಡಲಾರರು.

ಎರಡನೆಯದು, ನಮ್ಮ ಜೀನ್‌ಗಳ ಮಾಹಿತಿ ಕೊಟ್ಟರೆ ಬೇರೆಯವರು ಅದರಲ್ಲಿ ದುಡ್ಡು ಮಾಡಿಕೊಂಡರೆ? ಇದು ಕಾಮರ್ಸ್ ವಿದ್ಯಾರ್ಥಿಗಳು ಕೇಳಲೇಬೇಕಾದ ಪ್ರಶ್ನೆ. ದಕ್ಷಿಣ ಆಫ್ರಿಕಾದ ಸ್ಯಾನ್ ಜನರು ಇದಕ್ಕೆ ದಾರಿ ತೋರಿಸಿದ್ದಾರೆ. 2017ರಲ್ಲಿ ಅವರು ಸಂಶೋಧಕರಿಗಾಗಿ ತಮ್ಮದೇ ನೀತಿಸಂಹಿತೆ ಬರೆದರು. ನಮ್ಮನ್ನು ಗೌರವಿಸಿ, ಪ್ರಾಮಾಣಿಕವಾಗಿರಿ, ನ್ಯಾಯವಾದ ಪಾಲು ಕೊಡಿ, ನಮ್ಮ ಬಗ್ಗೆ ಕಾಳಜಿ ಇರಲಿ ಎಂಬುದು ಅದರ ಸಾರ. ಬಾಗಿಲು ಮುಚ್ಚದೆ, ಶರತ್ತು ಹಾಕಿ ತೆರೆದರು. ನಾವೂ ಸಹಿ ಮಾಡುವ ಮೊದಲು ಒಪ್ಪಿಗೆ ಪತ್ರವನ್ನು ಓದಬೇಕು. ಯಾರಿಗೆ, ಯಾವ ಕೆಲಸಕ್ಕೆ, ಎಷ್ಟು ವರ್ಷ ಎಂದು ಕೇಳಬೇಕು. ವಾಪಸ್ ಪಡೆಯುವ ಹಕ್ಕು ಇದೆಯೇ ಎಂದು ನೋಡಬೇಕು.

ಮೂರನೆಯದು ಮನೆಯವರ ಭಯ. ‘ಬೆನ್ನುಮೂಳೆಗೆ ಸೂಜಿ ಹಾಕುತ್ತಾರಂತೆ’, ‘ಹುಡುಗಿಯರಿಗೆ ಮುಂದೆ ತೊಂದರೆ ಆಗುತ್ತದಂತೆ’, ‘ಧರ್ಮದಲ್ಲಿ ಇದಕ್ಕೆ ಅವಕಾಶ ಇದೆಯೋ ಇಲ್ಲವೋ’. ಇವನ್ನು ನಗೆಯಾಡಿ ಬಿಡಬಾರದು. ಗೊತ್ತಿರುವವರನ್ನು ಕರೆಸಿ ಮಾತಾಡಿಸಬೇಕು. ವೈದ್ಯರ ಪಕ್ಕದಲ್ಲೇ ಮೌಲಾನಾ ಸಾಹೇಬರನ್ನೂ ಕೂರಿಸಿ, ಅಮ್ಮಿ ಅಬ್ಬಾ ಇಬ್ಬರನ್ನೂ ಕರೆದು, ಅವರ ಮುಂದೆಯೇ ಎಲ್ಲ ಪ್ರಶ್ನೆ ಕೇಳಲು ಅವಕಾಶ ಕೊಟ್ಟರೆ ಭಯ ತಾನೇ ಕಡಿಮೆಯಾಗುತ್ತದೆ.

ಅದಕ್ಕಾಗಿ ನಮ್ಮ ಪ್ರಾಂಶುಪಾಲರಲ್ಲಿ, ಆಡಳಿತ ಮಂಡಳಿಯವರಲ್ಲಿ ಮೂರು ವಿನಂತಿ. ಈ ವರ್ಷವೇ ಕಾಲೇಜಿನಲ್ಲಿ ದಾನಿಗಳ ನೋಂದಣಿ ಶಿಬಿರ ಒಂದನ್ನು ಏರ್ಪಡಿಸಿ. 18 ತುಂಬಿದ ದ್ವಿತೀಯ ಪಿಯು ವಿದ್ಯಾರ್ಥಿಗಳು, ಹಳೆಯ ವಿದ್ಯಾರ್ಥಿಗಳು, ಉಪನ್ಯಾಸಕರು, ಕಚೇರಿಯ ಸಿಬ್ಬಂದಿ ಎಲ್ಲರೂ ಸೇರಲಿ. ಪಟ್ಟಿಯಲ್ಲಿ ಸುಮಾರು 60ರ ವಯಸ್ಸಿನವರೆಗೂ ಹೆಸರು ಉಳಿಯುತ್ತದೆ, ಹೀಗಾಗಿ ಬೇಗ ಸೇರಿದಷ್ಟೂ ಒಳ್ಳೆಯದು. ಎರಡನೆಯದಾಗಿ, ಶಿಬಿರವನ್ನು ನಮ್ಮ ಕಾಲೇಜಿಗಷ್ಟೇ ಸೀಮಿತ ಮಾಡಬೇಡಿ. ಊರಿನ ಬೇರೆ ಕಾಲೇಜುಗಳವರನ್ನೂ, ಎಲ್ಲ ಜಾತಿ ಧರ್ಮದವರನ್ನೂ ಕರೆಯಿರಿ. ನಮ್ಮವರು ಮಾತ್ರ ಸೇರಿದರೆ ಅದು ಮತ್ತೊಂದು ಸಣ್ಣ ಚೀಲ ಆದೀತು. ಮೂರನೆಯದಾಗಿ, ಮುಂಡಗೋಡ, ಯಲ್ಲಾಪುರ ಕಡೆಯ ಸಿದ್ದಿ ವಿದ್ಯಾರ್ಥಿಗಳನ್ನು ಒಂದು ದಿನ ಅತಿಥಿಗಳಾಗಿ ಆಹ್ವಾನಿಸಿ. ಕುಣಿತ ನೋಡಿ ಚಪ್ಪಾಳೆ ತಟ್ಟಿ ಕಳಿಸುವುದಕ್ಕಲ್ಲ. ವೇದಿಕೆಯ ಮೇಲೆ ಕುರ್ಚಿ ಕೊಟ್ಟು, ಅವರ ಊರಿನ ಶಾಲೆ, ಆಸ್ಪತ್ರೆ, ಓದು, ಕೆಲಸದ ಬಗ್ಗೆ ಕೇಳುವುದಕ್ಕೆ.

ಗೆಳೆಯ ಗೆಳತಿಯರೇ, ನನ್ನಂತೆ ನಿಮ್ಮಲ್ಲಿ ಬಹಳ ಜನರಿಗೆ ಇನ್ನೂ ಹದಿನೇಳು. ಹದಿನೆಂಟು ತುಂಬಿದಾಗ ಮತದಾರರ ಪಟ್ಟಿಗೆ ಹೆಸರು ಸೇರಿಸಬೇಕು ಎಂದು ಎಲ್ಲರೂ ಹೇಳುತ್ತಾರೆ, ಸೇರಿಸೋಣ. ಡ್ರೈವಿಂಗ್ ಲೈಸೆನ್ಸ್ ಕೂಡ ಮಾಡಿಸೋಣ. ಅದೇ ವಾರ ಈ ಮೂರನೇ ಪಟ್ಟಿಗೂ ಹೆಸರು ಬರೆಸೋಣ. ಮೊದಲೆರಡು ನಮ್ಮ ಹಕ್ಕಿಗಾಗಿ, ನಮ್ಮ ಅನುಕೂಲಕ್ಕಾಗಿ. ಮೂರನೆಯದು ನಾವು ಇನ್ನೂ ನೋಡಿಯೇ ಇರದ ಯಾರದೋ ಮಗುವಿಗಾಗಿ. ಆ ಮಗು ಸಿದ್ದಿಯೋ, ಲಂಬಾಣಿಯೋ, ನಮ್ಮ ಓಣಿಯದೋ ಎಂಬುದು ಅಂದು ನಮಗೆ ಗೊತ್ತಿರುವುದಿಲ್ಲ, ಗೊತ್ತಾಗುವ ಅಗತ್ಯವೂ ಇಲ್ಲ.